ಸುಡೊಕು ಬಿಡಿಸಿದರೆ ಮರೆವು ಬರೋದಿಲ್ವಾ?

ತಿಪಟೂರಿನಿಂದ ಅಂಚೆ ಇಲಾಖೆಯ ನಿವೃತ್ತ ನೌಕರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ವಯಸ್ಸು 68. ದಿನಾ ಬೆಳಗ್ಗೆ ಕಾಫಿ ಜೊತೆ ಸುಡೊಕು ಬಿಡಿಸುತ್ತಾರೆ. ಅವರ ಅಣ್ಣನಿಗೆ ಮರೆವು ಶುರುವಾದ ಮೇಲೆ, ತನಗೂ ಹಾಗಾಗಬಾರದು ಅಂತ ಹಿಡಿದ ಅಭ್ಯಾಸ ಇದು. ಟಿವಿ ಸೌಂಡ್ ಜಾಸ್ತಿ ಇಡುತ್ತೀರಿ ಅಂತ ಮನೆಯವರ ದೂರು. 'ಪೇಪರ್ ಪಕ್ಕಕ್ಕಿಟ್ಟು ನಮ್ಮ ಜೊತೆ ಸ್ವಲ್ಪ ಮಾತಾಡಿ ಮಾವಾ' ಅಂತ ಸೊಸೆಯ ದೂರು. ಆಕೆ ಚಿತ್ತೂರಿನ ಕಡೆಯವರು, ಮನೆಮಾತು ತೆಲುಗು. ಪತ್ರದಲ್ಲಿ ಕೇಳಿರುವುದು ಮೂರು ಪ್ರಶ್ನೆ. ಸುಡೊಕುವಿನಿಂದ ನೆನಪು ಉಳಿಯುತ್ತಾ? ಮೆದುಳಿನ ಕಸರತ್ತಿನ ಮೊಬೈಲ್ ಆ್ಯಪ್ ಒಂದಕ್ಕೆ ಮಗ ದುಡ್ಡು ಕಟ್ಟುತ್ತೇನೆ ಅನ್ನುತ್ತಿದ್ದಾನೆ, ಕಟ್ಟಲಿಕ್ಕೆ ಬಿಡಲಾ? ಮೂರನೆಯದು ನಮ್ಮ ಮೇಲಿನ ದೂರು: 'ನಿಮ್ಮ ಸುಡೊಕು ಇತ್ತೀಚೆಗೆ ಯಾಕೆ ಇಷ್ಟು ಸುಲಭ? ಕಾಫಿ ಆರುವ ಮೊದಲೇ ಮುಗಿಯುತ್ತೆ!'

ನಮಸ್ಕಾರ ಸಾರ್.

ಮೂರನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಮೊದಲನೆಯದರ ಉತ್ತರ ಅದರೊಳಗೇ ಇದೆ. ನಮ್ಮ ಸುಡೊಕು ಸುಲಭ ಆಗಿಲ್ಲ. ಹಳೆಯ ಮಟ್ಟದ್ದನ್ನೇ ಈಗಲೂ ಹಾಕುತ್ತಿದ್ದೇವೆ. ಪಳಗಿರುವುದು ನೀವು. ಸಾಲಿನಲ್ಲಾಗಲಿ, ಒಂಬತ್ತು ಮನೆಯ ಚೌಕದಲ್ಲಾಗಲಿ ಒಂದು ಅಂಕಿ ಒಂದೇ ಸಲ ಬರಬೇಕಲ್ಲ, ಶುರುವಿನಲ್ಲಿ ಒಂದೊಂದು ಮನೆಗೂ ಒಂದರಿಂದ ಒಂಬತ್ತರವರೆಗೆ ಎಣಿಸಿ ನೋಡಿರುತ್ತೀರಿ. ಈಗ ಒಂದು ಚೌಕದ ಎರಡು ಮನೆಗಳಲ್ಲಿ 3 ಮತ್ತು 7 ಬಿಟ್ಟರೆ ಬೇರೇನೂ ಕೂರುವುದಿಲ್ಲ ಅಂತ ಗೊತ್ತಾದ ಕೂಡಲೇ, ಅದೇ ಚೌಕದ ಉಳಿದ ಮನೆಗಳಿಂದ ಆ ಎರಡೂ ಅಂಕಿಗಳನ್ನು ಹೊಡೆದುಹಾಕುತ್ತೀರಿ. ಯೋಚನೆ ಮಾಡಿಯೂ ಅಲ್ಲ, ಕೈ ತಾನಾಗಿ ಓಡುತ್ತೆ. ಅಂದರೆ ನೀವು ಒಂದಷ್ಟು ಪಟ್ಟು ಕಲಿತಿದ್ದೀರಿ. ಆ ಪಟ್ಟುಗಳು ಸುಡೊಕುವಿನಲ್ಲಿ ನಡೆಯುತ್ತವೆ. ಕನ್ನಡಕ ಎಲ್ಲಿಟ್ಟೆ ಅನ್ನುವುದಕ್ಕೆ ಅವು ಉಪಯೋಗಕ್ಕೆ ಬರುವುದಿಲ್ಲ.

ಇದು ನನ್ನ ಮಾತಲ್ಲ. ಬಿಬಿಸಿಯವರು ವಿಜ್ಞಾನಿಗಳ ಜೊತೆ ಸೇರಿ 11,430 ಜನರಿಗೆ ಆರು ವಾರ ಕಂಪ್ಯೂಟರ್‌ನಲ್ಲಿ ಮೆದುಳಿನ ಕಸರತ್ತು ಮಾಡಿಸಿದರು. ಫಲಿತಾಂಶ 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಯಾವ ಆಟ ಆಡಿದರೋ ಅದರಲ್ಲಿ ಎಲ್ಲರೂ ಚುರುಕಾದರು. ಪಕ್ಕದ ಆಟಕ್ಕೆ ಆ ಚುರುಕು ದಾಟಲಿಲ್ಲ. ಅಮೆರಿಕದಲ್ಲಿ 1998ರಲ್ಲಿ ಶುರುವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ 65 ದಾಟಿದ ಸುಮಾರು 2,800 ಜನರಿದ್ದರು. ಒಂದು ಗುಂಪಿಗೆ ನೆನಪಿನ ತರಬೇತಿ, ಒಂದಕ್ಕೆ ತರ್ಕದ್ದು, ಇನ್ನೊಂದಕ್ಕೆ ಪರದೆ ಮೇಲೆ ಮಿಂಚಿ ಮಾಯವಾಗುವುದನ್ನು ಬೇಗ ಗುರುತಿಸುವ ತರಬೇತಿ. ಇಲ್ಲೂ ಅದೇ ಕಥೆ: ಕಲಿಸಿದ್ದರಲ್ಲಿ ಮಾತ್ರ ಸುಧಾರಣೆ. ಹತ್ತು ವರ್ಷ ಬಿಟ್ಟು ನೋಡಿದಾಗ ಮೂರನೆಯ ಗುಂಪಿನಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಸ್ವಲ್ಪ ಕಡಿಮೆ ಇತ್ತು. ಆದರೆ ಆ ತರಬೇತಿಗೂ ನಿಮ್ಮ ಒಂಬತ್ತು ಚೌಕಕ್ಕೂ ಸಂಬಂಧವಿಲ್ಲ.

ಹಾಗಂತ ಪೆನ್ಸಿಲ್ ಕೆಳಗಿಡಬೇಡಿ. ನನಗೆ ಇಷ್ಟವಾಗಿದ್ದು ಸ್ಕಾಟ್ಲೆಂಡಿನ ಅಬರ್ಡೀನ್‌ನ ಅಧ್ಯಯನ. ಅಲ್ಲಿನ ಮಕ್ಕಳಿಗೆ 1947ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಶಾಲೆಯಲ್ಲೇ ಒಂದು ಬುದ್ಧಿ ಪರೀಕ್ಷೆ ಮಾಡಿದ್ದರು. ಅರವತ್ತು ದಾಟಿದ ಮೇಲೆ ಅವರಲ್ಲೇ 498 ಜನರನ್ನು ಮತ್ತೆ ಹಿಡಿದು, ವರ್ಷಗಟ್ಟಲೆ ಪರೀಕ್ಷೆ ಮಾಡಿದರು. 2018ರಲ್ಲಿ ಹೊರಬಂದ ವಿಷಯ ಹೀಗಿದೆ: ಜೀವನದುದ್ದಕ್ಕೂ ತಲೆಗೆ ಕೆಲಸ ಕೊಟ್ಟವರ ಬುದ್ಧಿಯ ಚುರುಕೂ ಉಳಿದವರಷ್ಟೇ ವೇಗದಲ್ಲಿ ಇಳಿಯಿತು. ಆದರೆ ಅವರು ಇಳಿಯಲು ಶುರು ಮಾಡಿದ ಮಟ್ಟ ಮೇಲಿತ್ತು. ಬೇಸಿಗೆ ಎಲ್ಲಾ ಕೆರೆಗೂ ಒಂದೇ, ಆದರೆ ತುಂಬಿದ ಕೆರೆಯ ತಳ ಕಾಣೋದು ತಡ. ಅಷ್ಟು ಲಾಭ ಸಣ್ಣದೇನಲ್ಲ, ಅಲ್ವಾ?

ಪ್ರಶ್ನೆ ಇರುವುದು ಕೆರೆಗೆ ನೀರು ಯಾವಾಗ ಬರುತ್ತೆ ಅನ್ನುವುದು. ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ತಲೆ ಕೆರೆದುಕೊಳ್ಳುವಾಗ ಬರುತ್ತೆ. ಕಾಫಿ ಆರುವ ಮೊದಲೇ ಮುಗಿದ ಸುಡೊಕುವಿನಿಂದ ಖುಷಿ ಇದೆ, ತಲೆಗೆ ಕೆಲಸ ಇಲ್ಲ. ಆದ್ದರಿಂದ ಆಟ ಬದಲಿಸಿ.

ಕಕುರೊ ನೋಡಿದ್ದೀರಾ? ಪದಬಂಧದ ಥರವೇ ಕಾಣುತ್ತೆ, ಅಕ್ಷರದ ಬದಲು ಅಂಕಿ. ಸುಳಿವಿನ ಜಾಗದಲ್ಲಿ ಮೊತ್ತ ಕೊಟ್ಟಿರುತ್ತಾರೆ. ಒಂದು ಮೊತ್ತದೊಳಗೆ ಒಂದೇ ಅಂಕಿ ಎರಡು ಸಲ ಬರಬಾರದು, ಸೊನ್ನೆ ಇಲ್ಲ. ಅಡ್ಡ ಎರಡು ಮನೆ, ಮೊತ್ತ 17 ಅಂದುಕೊಳ್ಳಿ. 8 ಮತ್ತು 9 ಬಿಟ್ಟರೆ ಗತಿಯಿಲ್ಲ, ಆದರೆ ಯಾವುದು ಮೊದಲು ಅಂತ ಗೊತ್ತಿಲ್ಲ. ಅದರ ಮೊದಲ ಮನೆಯಿಂದ ಕೆಳಕ್ಕೆ ಎರಡು ಮನೆ, ಮೊತ್ತ 16. 8 ಮತ್ತು 8 ನಡೆಯುವುದಿಲ್ಲ, 7 ಮತ್ತು 9 ಮಾತ್ರ. ಎರಡೂ ಕೂಡುವ ಮನೆಯಲ್ಲಿ 9 ಬಿಟ್ಟು ಬೇರೆ ಬರಲು ಸಾಧ್ಯವೇ ಇಲ್ಲ. ಪಕ್ಕದ್ದು 8, ಕೆಳಗಿನದು 7. ಮನಿ ಆರ್ಡರ್ ಕೌಂಟರ್‌ನಲ್ಲಿ ಬಾಯಿಲೆಕ್ಕ ಮಾಡಿದವರಿಗೆ ಇದು ಹಿಡಿಸುತ್ತೆ. ಕಾಲು ಮಗ್ಗಿ, ಅರೆ ಮಗ್ಗಿ ಬಾಯಿಪಾಠ ಮಾಡಿದ ತಲೆಮಾರು ನಿಮ್ಮದು. ಈಗಿನ ಹುಡುಗರಿಗೆ ಹಾಗೊಂದು ಮಗ್ಗಿ ಇತ್ತು ಅಂದರೆ ನಗುತ್ತಾರೆ.

ಅದೂ ಕೈಗೆ ಹತ್ತಿದ ಮೇಲೆ? ಬಿಡಿಸುವುದನ್ನು ಬಿಟ್ಟು ಹೆಣೆಯಲು ಕೂರಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಸುಡೊಕುವಿನ ಹೆಸರು ಜಪಾನಿನದು, ಹುಟ್ಟು ಅಮೆರಿಕದ್ದು. ಹೋವರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ಹೆಣೆದಿದ್ದು, 1979ರಲ್ಲಿ ಅಚ್ಚಾದಾಗ ಅವರಿಗೆ ಎಪ್ಪತ್ತು ದಾಟಿತ್ತು. ಆಮೇಲೆ ಅದು ಜಪಾನಿಗೆ ಹೋಗಿ ಹೆಸರು ಪಡೆಯಿತು. ಅದನ್ನು ಪ್ರಪಂಚದ ಪೇಪರ್‌ಗಳಿಗೆ ಹಂಚಿದವರು ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೌಲ್ಡ್. ನಿವೃತ್ತರಾದ ಮೇಲೆ ಟೋಕಿಯೊದ ಪುಸ್ತಕದಂಗಡಿಯಲ್ಲಿ ಇದು ಅವರ ಕಣ್ಣಿಗೆ ಬಿತ್ತು. ಸುಡೊಕು ತಯಾರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಆರು ವರ್ಷ ಕೂತರು. 2004ರ ನವೆಂಬರ್‌ನಲ್ಲಿ ಲಂಡನ್ನಿನ 'ದಿ ಟೈಮ್ಸ್' ಹಾಕಲು ಶುರು ಮಾಡಿತು, ಮುಂದಿನದು ನಿಮಗೇ ಗೊತ್ತು. ಇಬ್ಬರೂ ಪೆನ್ಷನ್‌ದಾರರು, ನೋಡಿ.

ಹೆಣೆಯುವುದು ಹೀಗೆ. ಪೂರ್ತಿ ತುಂಬಿದ ಒಂದು ಸುಡೊಕು ತಗೊಳ್ಳಿ. ಒಂದೊಂದೇ ಅಂಕಿ ಅಳಿಸುತ್ತಾ ಹೋಗಿ. ಪ್ರತಿ ಸಲ ಅಳಿಸಿದಾಗಲೂ, ಇನ್ನೂ ಉತ್ತರ ಒಂದೇ ಉಳಿದಿದೆಯಾ ಅಂತ ನೋಡಬೇಕು. ಒಂದು ಹಳ್ಳ ಈಗಲೇ ತೋರಿಸುತ್ತೇನೆ. ಎರಡು ಅಡ್ಡಸಾಲು, ಎರಡು ಉದ್ದಸಾಲು ಸೇರುವ ನಾಲ್ಕು ಮನೆಗಳಲ್ಲಿ ಮೇಲೆ 3, 7, ಕೆಳಗೆ 7, 3 ಇದೆ ಅನ್ನಿ. ಆ ನಾಲ್ಕು ಮನೆ ಎರಡೇ ಚೌಕದೊಳಗೆ ಬಂದಿವೆ. ನಾಲ್ಕನ್ನೂ ಅಳಿಸಿದಿರೋ, ಕೆಟ್ಟಿತು: ಅಲ್ಲಿ 3 ಮತ್ತು 7 ಅದಲು ಬದಲು ಮಾಡಿದರೂ ಸುಡೊಕು ಸರಿಯಾಗಿಯೇ ಕೂರುತ್ತೆ. ಎರಡು ಉತ್ತರ ಬಂದರೆ ಅದು ಸುಡೊಕುವೇ ಅಲ್ಲ. ಕೊಟ್ಟಿರುವ ಅಂಕಿ 17ಕ್ಕಿಂತ ಕಡಿಮೆಯಾದರೆ ಒಂದೇ ಉತ್ತರ ಉಳಿಯಲು ಸಾಧ್ಯವಿಲ್ಲ; 2012ರಲ್ಲಿ ಡಬ್ಲಿನ್‌ನ ಗಣಿತಜ್ಞರು ಕಂಪ್ಯೂಟರ್‌ನಲ್ಲಿ ಪೂರ್ತಿ ಜಾಲಾಡಿ ಇದನ್ನು ಖಚಿತಪಡಿಸಿದರು. ಇನ್ನೊಂದು ವಿಷಯ: ಅಂಕಿ ಕಡಿಮೆ ಕೊಟ್ಟ ಮಾತ್ರಕ್ಕೆ ಸುಡೊಕು ಕಷ್ಟ ಆಗುವುದಿಲ್ಲ. ಮೂವತ್ತು ಅಂಕಿ ಕೊಟ್ಟೂ ಬೆವರಿಳಿಸಬಹುದು. ಹೆಣೆದಿದ್ದನ್ನು ನಮಗೆ ಕಳಿಸಿ. ಉತ್ತರ ಒಂದೇ ಇದ್ದರೆ ಅಚ್ಚು ಹಾಕುತ್ತೇವೆ.

ಆ್ಯಪ್ ವಿಷಯ. ಆಟ ಆಡಲು ಬೇಕಿದ್ದರೆ ತಗೊಳ್ಳಿ, ಮರೆವು ಬಾರದಿರಲಿ ಅಂತ ಬೇಡ. ಲುಮಾಸಿಟಿ ಅನ್ನುವ ಹೆಸರಾಂತ ಆ್ಯಪ್, ವಯಸ್ಸಿನ ಮರೆವನ್ನು ತಡೆಯುತ್ತೇವೆ ಎಂಬಂಥ ಜಾಹೀರಾತು ಕೊಟ್ಟಿತ್ತು. ಅದಕ್ಕೆ ಆಧಾರವಿಲ್ಲ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಿಡಿದುಕೊಂಡಿತು. 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ಕಟ್ಟಿ ರಾಜಿಯಾಯಿತು. ಮಗನಿಗೆ ಹೇಳಿ, ಆ ದುಡ್ಡಿನಲ್ಲಿ ನಿಮ್ಮ ಕಿವಿ ಪರೀಕ್ಷೆ ಮಾಡಿಸಲಿ.

ಯಾಕೆ ಕಿವಿ ಅಂದರೆ, ಟಿವಿ ಸೌಂಡ್ ವಿಷಯವನ್ನು ನೀವು ತಮಾಷೆಗೆ ಬರೆದಿದ್ದೀರಿ, ನಾನು ಅಲ್ಲೇ ನಿಂತೆ. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ನಮ್ಮ ಕೈಯಲ್ಲಿ ಸರಿಪಡಿಸಿಕೊಳ್ಳಬಹುದಾದ 14 ಕಾರಣ ಪಟ್ಟಿ ಮಾಡಿತು. ಕಿವಿ ಮಂದವಾಗುವುದು ಅದರಲ್ಲಿ ದೊಡ್ಡವುಗಳಲ್ಲಿ ಒಂದು. ಬಿಪಿ, ಶುಗರ್, ಕೊಬ್ಬು, ಬೀಡಿ ಸಿಗರೇಟು, ಓಡಾಟವಿಲ್ಲದಿರುವುದು, ಒಂಟಿತನ, ಇವೂ ಇವೆ. ಕೇಳಿಸದವರು ಮೊದಲು ಮಾತು ಬಿಡುತ್ತಾರೆ, ಆಮೇಲೆ ಜನರ ನಡುವೆ ಕೂರುವುದನ್ನೇ ಬಿಡುತ್ತಾರೆ. ಪೇಪರ್ ಹಿಡಿದು ಕೂತರೆ ಯಾರೂ ಮಾತಾಡಿಸುವುದಿಲ್ಲ ಅನ್ನುವ ಅನುಕೂಲವೂ ಇದೆ ನೋಡಿ. ನಿಮ್ಮ ಸೊಸೆ ಹೇಳಿದ್ದರಲ್ಲಿ ತಪ್ಪೇನಿಲ್ಲ.

ಆಕೆಯಿಂದ ತೆಲುಗನ್ನೂ ಕಲಿಯಿರಿ. ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಗಮನಿಸಿ 2013ರಲ್ಲಿ ಒಂದು ವಿಷಯ ಪ್ರಕಟಿಸಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಕಾಣಿಸಿಕೊಂಡಿದ್ದು, ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಬಾರದವರಲ್ಲೂ ವ್ಯತ್ಯಾಸ ಕಂಡಿತು. ಅವರೆಲ್ಲ ಎಷ್ಟೋ ವರ್ಷಗಳಿಂದ ಎರಡೆರಡು ಭಾಷೆ ಆಡಿದವರು. ಅರವತ್ತೆಂಟಕ್ಕೆ ಕಲಿತರೂ ಅಷ್ಟೇ ಲಾಭ ಅಂತ ನಾನು ಹೇಳುವುದಿಲ್ಲ. ಆದರೆ ಹೊಸ ಭಾಷೆ ಕಾಫಿ ಆರುವ ಮೊದಲು ಮುಗಿಯುವುದಿಲ್ಲ, ಅಷ್ಟಂತೂ ಖಂಡಿತ.

ಕೊನೆಗೆ ಅಣ್ಣನ ವಿಷಯ. ಅವರ ಮುಂದೆ ಸುಡೊಕು ಇಡಬೇಡಿ. ಬಾರದ ಆಟ ಕೊಟ್ಟು ಕೂರಿಸಿದರೆ ಅವರಿಗೆ ಅವಮಾನ ಆಗುತ್ತೆ. ಚೌಕಾಬಾರದ ಮಣೆ, ಕವಡೆ ತೆಗೆಯಿರಿ, ಮನೆಯವರೆಲ್ಲ ಕೂರಿ. 'ಅರವತ್ತಕ್ಕೆ ಅರಳುಮರಳು' ಅಂತ ಸುಮ್ಮನಾಗಬೇಡಿ. ಥೈರಾಯ್ಡ್ ಕಡಿಮೆಯಾದರೂ, ಬಿ12 ಜೀವಸತ್ವ ಕಡಿಮೆಯಾದರೂ, ಮನಸ್ಸು ಕುಗ್ಗಿದರೂ ಮರೆವು ಬರುತ್ತೆ. ಕೆಲವು ಮಾತ್ರೆಗಳಿಂದಲೂ ಬರುತ್ತೆ. ಇವಕ್ಕೆಲ್ಲ ಮದ್ದಿದೆ. ಅವರು ತೆಗೆದುಕೊಳ್ಳುವ ಎಲ್ಲಾ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಂಡು ಮೊದಲು ತುಮಕೂರಿನಲ್ಲಿ ವೈದ್ಯರಿಗೆ ತೋರಿಸಿ. ಅವರು ಹೇಳಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಬನ್ನಿ. ಮರೆವು ಯಾವಾಗ ಶುರುವಾಯಿತು, ಮೊದಲು ಏನು ಮರೆತರು ಅನ್ನುವುದನ್ನು ಅತ್ತಿಗೆಯವರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.

– ಸಂ.