ಎರೆ ಮಣ್ಣಲ್ಲಿ ಪೈಲ್‌ಗೆ ಗ್ರೌಟಿಂಗ್: ಹರಿಹರದ ಗೋಡೌನ್ ಪ್ರಶ್ನೆಗೆ

ಹರಿಹರದ ಹತ್ತಿರ ಗದ್ದೆ ಜಾಗದಲ್ಲಿ ಭತ್ತದ ಗೋಡೌನ್ ಕಟ್ಟುತ್ತಿದ್ದೀರಿ, ಪೈಲ್ (ನೆಲ ಕೊರೆದು ಕಾಂಕ್ರೀಟ್ ತುಂಬುವ ಕಂಬ) ಅರ್ಧದಷ್ಟು ಮುಗಿದಿವೆ, ಗುಂಡಿ ತಳದಲ್ಲಿ ಕೆಸರು ಉಳಿದಿದೆ ಅಂತ ಅನುಮಾನ, ಮೇಸ್ತ್ರಿ ನೋಡಿದರೆ ಆಮೇಲೆ ಸಿಮೆಂಟ್ ಹಾಲು, ಅಂದರೆ ಗ್ರೌಟ್, ಪಂಪ್ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತಾರೆ, ನಿಜಾನಾ ಅಂತ ಕೇಳಿದ್ದೀರಿ. ಅರ್ಧ ನಿಜ. ಪೈಲ್ ತುದಿ ಯಾವ ಮಣ್ಣಲ್ಲಿ ಕೂತಿದೆ ಅನ್ನೋದು ಮುಖ್ಯ.

ತುದಿ ಮರಳಿಗೋ ಗರಸಿಗೋ ತಾಗಿದ್ದರೆ ಗ್ರೌಟ್ ಕೆಲಸ ಮಾಡುತ್ತದೆ. ತಳದ ಸಡಿಲ ಮಣ್ಣನ್ನು ಅದುಮಿ ಬಿಗಿ ಮಾಡುತ್ತದೆ, ಮುಂದೆ ಭಾರ ಬಿದ್ದಾಗ ಪೈಲ್ ಇಳಿಯುವುದು ಕಡಿಮೆ. ವೆನೆಜುವೆಲಾದ ಮರಕೈಬೊ ಸೇತುವೆಗೆ 1960ರ ಸುಮಾರಿಗೇ ಮಾಡಿದ್ದಾರೆ, ಹೊಸದೇನಲ್ಲ. ಎರೆ ಮಣ್ಣಿನ ಕಥೆ ಬೇರೆ. ಅದರ ಸಂದಿಗೆ ಸಿಮೆಂಟ್ ಕಣ ಇಳಿಯಲ್ಲ. ಒತ್ತಡ ಜಾಸ್ತಿ ಮಾಡಿದರೆ ಮಣ್ಣು ಸೀಳಿಕೊಂಡು ಹಾಲು ಎಲ್ಲೋ ಹೋಗುತ್ತದೆ, ಪಕ್ಕದ ಬದುವಿನಲ್ಲಿ ಉಕ್ಕಿದರೂ ಉಕ್ಕೀತು. ಚೀಲ ಖಾಲಿಯಾಯ್ತು ಅಂದರೆ ಪೈಲ್ ಗಟ್ಟಿಯಾಯ್ತು ಅಂತ ಅಲ್ಲ.

ಇನ್ನು ಹಾಕಬೇಕಾದ ಪೈಲ್‌ಗಳಲ್ಲಿ ಗ್ರೌಟ್ ಬೇಕೇ ಬೇಕು ಅಂದರೆ ಪೈಪನ್ನು ಮೊದಲೇ ಕಬ್ಬಿಣದ ಕೇಜ್‌ಗೆ ಕಟ್ಟಿಸಿ. ತುದಿಯ ತೂತುಗಳ ಮೇಲೆ ರಬ್ಬರ್ ಸ್ಲೀವ್ ಇರಬೇಕು. ಕಾಂಕ್ರೀಟ್ ಹಾಕಿ ಒಂದು ದಿನದೊಳಗೆ ನೀರು ಒತ್ತಿ ದಾರಿ ಬಿಡಿಸಿಕೊಳ್ಳಬೇಕು, ತಡವಾದರೆ ಸ್ಲೀವ್ ಬಾಯಿ ಬಿಡಲ್ಲ. ಗ್ರೌಟ್ ಮಾತ್ರ ವಾರ ಕಳೆದ ಮೇಲೆ, 50 ಕೆಜಿ ಚೀಲಕ್ಕೆ 25 ಲೀಟರ್ ನೀರಿನ ಹದದಲ್ಲಿ. ಪೈಲ್ ತಲೆಗೆ ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯೋ ಮಾಪಕ) ಇಡಿ, ಎಂಜಿನಿಯರ್ ಹೇಳಿದ ಮಿಲಿಮೀಟರ್ ದಾಟಿ ಮೇಲೆದ್ದರೆ ಪಂಪ್ ನಿಲ್ಲಿಸಿ.

ಆದರೆ ನಿಮ್ಮಂಥ ಗೋಡೌನ್‌ಗೆ ಇಷ್ಟು ಖರ್ಚು ಯಾಕೆ? ತಳ ತೊಳೆಯಿರಿ ಸಾಕು. ಟೇಪಿನ ತುದಿಗೆ ಭಾರ ಕಟ್ಟಿ ಕೊರೆದ ತಕ್ಷಣ ಒಮ್ಮೆ ಅಳೆಯಿರಿ, ಕಾಂಕ್ರೀಟ್‌ಗೆ ಮುಂಚೆ ಇನ್ನೊಮ್ಮೆ. ಆಳ ಕಡಿಮೆ ಬಂತು ಅಂದರೆ ಅಷ್ಟು ಕೆಸರು ಕೂತಿದೆ ಅಂತಲೇ ಅರ್ಥ, ಮತ್ತೆ ತೆಗೆಸಿ. ಭದ್ರಾ ಚಾನೆಲ್‌ಗೆ ನೀರು ಬಿಟ್ಟಿರೋ ದಿನಗಳಲ್ಲಂತೂ ಗುಂಡಿಗೆ ಜಲ ಬಂದು ಬದಿ ಕುಸಿಯುತ್ತೆ, ಕೊರೆದು ರಾತ್ರಿಯಿಡೀ ಬಿಡಬೇಡಿ. ನೀರಿದ್ದಾಗ ಮೇಲಿಂದ ಬಾಂಡ್ಲಿಯಲ್ಲಿ ಸುರಿಯೋದು ಬೇಡವೇ ಬೇಡ. ಟ್ರೆಮಿ ಪೈಪ್, ಅಂದರೆ ಕಾಂಕ್ರೀಟ್ ಇಳಿಸೋ ಉದ್ದ ಕೊಳವೆ, ತಳದವರೆಗೆ ಇಳಿಸಿ, ಅದರ ಬಾಯಿ ಯಾವಾಗಲೂ ಕಾಂಕ್ರೀಟ್ ಒಳಗೇ 2 ಮೀಟರ್ ಮುಳುಗಿರಲಿ.

ಈಗಾಗಲೇ ಹಾಕಿದವಕ್ಕೆ ಸುತ್ತಿಗೆ ಬಡಿದು ನೋಡೋ ಟೆಸ್ಟ್ ಮಾಡಿಸಿ. ಅದು ನಡುವಿನ ಬಿರುಕು, ಸೊಂಟ ಸಣ್ಣಗಾದದ್ದು ತೋರಿಸುತ್ತೆ, ತಳದ ಕೆಸರನ್ನು ಅಷ್ಟು ನಂಬಿಕೆಯಿಂದ ಹೇಳಲ್ಲ. ಅನುಮಾನ ಜಾಸ್ತಿ ಇರೋ ಒಂದು ಪೈಲ್ ಮೇಲೆ ಡಿಸೈನ್ ಭಾರದ ಒಂದೂವರೆ ಪಟ್ಟು ಹೇರಿ ಲೋಡ್ ಟೆಸ್ಟ್ ಮಾಡಿಸಿ. ಜಾಸ್ತಿ ಇಳಿದರೆ ಆಗ ಪೈಲ್ ಒಳಗಿಂದಲೇ ತಳದವರೆಗೆ ಕೋರ್ (ಸಣ್ಣ ತೂತು) ಕೊರೆದು, ನೀರಲ್ಲಿ ಕೆಸರು ತೊಳೆದು ಗ್ರೌಟ್ ತುಂಬಬಹುದು. ತೊಳೆಯದೆ ತುಂಬಿದರೆ ಕೆಸರಿನ ಮೇಲೆ ಹಾಲು ಕೂರುತ್ತೆ ಅಷ್ಟೇ.

ಇನ್ನೊಂದು, ಗ್ರೌಟ್ ಹಾಕಿದರೂ ಎರೆ ಉಬ್ಬೋದು ನಿಲ್ಲಲ್ಲ. ಪೈಲ್‌ಗಳ ಮೇಲೆ ಗೋಡೆ ಹೊರುವ ಪ್ಲಿಂತ್ ಬೀಮ್ ಕೆಳಗೆ 3 ಇಂಚು ಖಾಲಿ ಬಿಡಿಸಿ. ಕೊರೆದಾಗ ತಳದಿಂದ ಬಂದ ಮಣ್ಣಿನ ಫೋಟೊ ಇದ್ದರೆ ಹಾಕಿ, ಎರೆನೋ ಗರಸೋ ನೋಡಿ ಹೇಳ್ತೀನಿ.