ಪೋಕೆ ಮಾಡೋದು ಸುಲಭ, ಮೀನು ಸಿಗೋದು ಕಷ್ಟ

ಪ್ರಶ್ನೆ: ಅಕ್ಕಾ, ನನ್ನ ಮಗ ಹಡಗಿನಲ್ಲಿ ಅಡುಗೆ ಕೆಲಸದಲ್ಲಿದ್ದಾನೆ. ಹವಾಯಿಯಲ್ಲಿ ಪೋಕೆ ಅಂತ ಹಸಿ ಮೀನಿನ ತಿನಿಸು ತಿಂದು ಬಂದಿದ್ದಾನೆ. ರಜೆಯಲ್ಲಿ ಮನೆಯಲ್ಲೇ ಮಾಡೋಣ ಅಂತ ಹಟ. ನಮ್ಮ ಪೇಟೆಗೆ ಬೆಳಿಗ್ಗೆ ಬರುವ ಮೀನು ಚೆನ್ನಾಗಿಯೇ ಇರುತ್ತೆ, ಕಿವಿರು ಕೆಂಪಗಿರುತ್ತೆ. ಅದರಲ್ಲೇ ಮಾಡಬಹುದಾ?
– ವಿರಾಜಪೇಟೆಯ ಓದುಗರು

ಉತ್ತರ: ದಯವಿಟ್ಟು ಆ ಮೀನಿನಲ್ಲಿ ಬೇಡ. ಸಾರಿಗೆ, ಹುರಿಯೋದಕ್ಕೆ ಅದು ಒಳ್ಳೆಯ ಮೀನೇ. ಹಸಿಯಾಗಿ ತಿನ್ನುವ ಮೀನಿನ ಲೆಕ್ಕ ಬೇರೆ. ಬಲೆಯಿಂದ ಎತ್ತಿದ ಗಳಿಗೆಯಿಂದ ನಿಮ್ಮ ತಟ್ಟೆಗೆ ಬರುವ ತನಕ ಅದು ಐಸಿನಲ್ಲೇ ಇರಬೇಕು. ತಲಶ್ಶೇರಿಯಿಂದಲೋ ಮಂಗಳೂರಿನಿಂದಲೋ ಘಾಟಿ ಹತ್ತಿ ಬರುವ ಮೀನು ದಾರಿಯಲ್ಲಿ ಎಷ್ಟು ಹೊತ್ತು ಬೆಚ್ಚಗೆ ಕೂತಿತ್ತು ಅಂತ ಮಾರುವವರಿಗೂ ಗೊತ್ತಿರಲ್ಲ.

ಪೋಕೆಗೆ ಹೆಚ್ಚಾಗಿ ಬಳಸೋದು ಟ್ಯೂನಾ, ಅಂದರೆ ಕೇರಳದ ಕಡೆಯವರು ಚೂರ ಅನ್ನುವ ಮೀನು. ಇದು ಬೆಚ್ಚಗೆ ಕೂತರೆ ಮಾಂಸದಲ್ಲಿ ಹಿಸ್ಟಮಿನ್ ಅನ್ನೋದು ಹುಟ್ಟುತ್ತೆ. ಬಂಗುಡೆಯಲ್ಲೂ ಹಾಗೇ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುತ್ತೆ, ತುರಿಕೆ, ತಲೆನೋವು ಬರುತ್ತೆ. ಆಮೇಲೆ ಫ್ರೀಜರಿಗೆ ಹಾಕಿದರೂ, ಬೇಯಿಸಿದರೂ ಅದು ಹೋಗಲ್ಲ. ಕಿವಿರು ನೋಡಿ ಕಂಡುಹಿಡಿಯೋದಕ್ಕೂ ಆಗಲ್ಲ.

ಇನ್ನು ಮೀನಿನೊಳಗಿರುವ ಹುಳುವಿನ ವಿಷಯ. ಹಸಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೆ ಹುಳುಗಳು ಸಾಯುತ್ತವೆ ಅನ್ನೋದು ಅಮೆರಿಕದ ಆಹಾರ ಇಲಾಖೆಯ ಲೆಕ್ಕ. ನಮ್ಮ ಮನೆ ಫ್ರಿಜ್ಜಿನ ಫ್ರೀಜರುಗಳು ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲೇ ನಿಲ್ಲುತ್ತವೆ, ಅದೂ ಕರೆಂಟು ಇದ್ದರೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಮನೆಯಲ್ಲಿ ಈ ಲೆಕ್ಕ ನಂಬೋದು ಹೇಗೆ? ಬ್ಯಾಕ್ಟೀರಿಯಾ ಅಂತೂ ಫ್ರೀಜರಿನಲ್ಲಿ ಸಾಯೋದಿಲ್ಲ, ಸುಮ್ನೆ ಮಲಗಿರುತ್ತೆ ಅಷ್ಟೆ.

ಹಾಗಾದರೆ ಮಗನಿಗೆ ಏನು ಹೇಳೋದು? ಹಸಿ ತಿನ್ನೋದಕ್ಕೆ ಅಂತಲೇ ಫ್ರೀಜ್ ಮಾಡಿದ ಟ್ಯೂನಾವನ್ನು ದೊಡ್ಡ ಊರಿನ ವ್ಯಾಪಾರಿಯಿಂದ ಐಸ್ ಪೆಟ್ಟಿಗೆಯಲ್ಲಿ ತರಿಸಲಿ. ‘ಫ್ರೆಶ್ ಇದೆಯಾ’ ಅಂತ ಕೇಳಬೇಡಿ, ‘ಬೇಯಿಸದೆ ತಿನ್ನಬಹುದಾ’ ಅಂತಲೇ ಕೇಳಿ. ಪೆಟ್ಟಿಗೆ ಬಿಚ್ಚಿದಾಗ ಮೀನು ಕಲ್ಲಿನ ಹಾಗೆ ಗಟ್ಟಿಯಾಗಿರಬೇಕು. ಮೆತ್ತಗಾಗಿದ್ದರೆ ಹಸಿ ತಿನ್ನುವ ಯೋಚನೆ ಬಿಟ್ಟುಬಿಡಿ. ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು ಕರಗಿಸಿ, ಮರುದಿನವೇ ತಿಂದು ಮುಗಿಸಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಇಷ್ಟೆಲ್ಲಾ ಮಾಡಿದರೂ ಕೊಡಬೇಡಿ.

ಪೋಕೆ ಅಂದರೆ ಹವಾಯಿ ಮಾತಿನಲ್ಲಿ ತುಂಡು ಮಾಡೋದು ಅಂತ. ಹಳೆಯ ಕ್ರಮದಲ್ಲಿ ಮೀನಿಗೆ ಸಮುದ್ರದ ಉಪ್ಪು, ಲಿಮು ಅನ್ನುವ ಕಡಲಪಾಚಿ, ಕುಕುಯಿ ಅನ್ನುವ ಮರದ ಬೀಜವನ್ನು ಹುರಿದು ಉಪ್ಪು ಹಾಕಿ ಕುಟ್ಟಿದ ಇನಮೋನ, ಇಷ್ಟೇ. ಸೋಯಾ ಸಾಸ್, ಎಳ್ಳೆಣ್ಣೆ ಎಲ್ಲಾ ಆಮೇಲೆ ಸೇರಿದ್ದು. 1885ರಿಂದ ಕಬ್ಬಿನ ತೋಟದ ಕೆಲಸಕ್ಕೆ ಜಪಾನಿನವರು ಗುಂಪು ಗುಂಪಾಗಿ ಬಂದರು, ತಮ್ಮ ಊರಿನ ರುಚಿಯನ್ನೂ ತಂದರು. ಕಾಫಿ ತೋಟದಲ್ಲಿ ಹೊರ ಊರಿನ ಕೆಲಸದವರು ಇರುವ ಲೈನ್ ಮನೆಗಳ ಅಡುಗೆ ವಾಸನೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

300 ಗ್ರಾಂ ಮೀನನ್ನು ಮುಕ್ಕಾಲು ಇಂಚಿನ ತುಂಡು ಮಾಡಿ. ಅರ್ಧ ಚಮಚ ಕಲ್ಲುಪ್ಪು ಪುಡಿ ಮಾಡಿ ಹಾಕಿ. ಕುಕುಯಿ ಬದಲು ಏಳೆಂಟು ಗೋಡಂಬಿಯನ್ನು ಕಂದು ಬಣ್ಣ ಬರುವ ತನಕ ಹುರಿದು ತರಿತರಿಯಾಗಿ ಕುಟ್ಟಿ ಸೇರಿಸಿ. ಕಡಲಪಾಚಿ ಸಿಗದಿದ್ದರೆ ಜಪಾನಿನವರ ನೋರಿ ಹಾಳೆ ಹರಿದು ಹಾಕಬಹುದು. ಈರುಳ್ಳಿ, ಒಂದೆರಡು ಸೂಜಿ ಮೆಣಸು, ಎರಡು ಚಮಚ ಸೋಯಾ ಸಾಸ್ ಸಾಕು. ಸೋಯಾದಲ್ಲೂ ಉಪ್ಪಿದೆ, ಅದಕ್ಕೇ ಹಾಕಿದ ಮೇಲೆ ರುಚಿ ನೋಡಿ. ಹವಾಯಿಯವರು ಬಳಸೋದು ಹುರಿದ ಎಳ್ಳಿನ ಎಣ್ಣೆ, ನಮ್ಮ ಅಂಗಡಿಯ ಎಳ್ಳೆಣ್ಣೆಗೆ ಆ ಘಮ ಇಲ್ಲ. ಒಂದು ಚಮಚ ಎಳ್ಳು ಹುರಿದು ಕುಟ್ಟಿ ಹಾಕಿದರೆ ಹತ್ತಿರ ಬರುತ್ತೆ. ಕೈಯಲ್ಲಿ ಮೆಲ್ಲಗೆ ಕಲಸಿ, ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತಿನ್ನಿ.

ಪ್ರಶ್ನೆ: ನಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ ಹಾಕಿ ಅರ್ಧ ಗಂಟೆ ಇಟ್ಟರೆ ಮೀನು ಬೆಂದ ಹಾಗೇ ಆಗುತ್ತಲ್ಲ?
– ಮಡಿಕೇರಿಯ ಓದುಗರು

ಉತ್ತರ: ಬೆಂದ ಹಾಗೆ ಕಾಣುತ್ತೆ, ಬೆಂದಿರಲ್ಲ. ಹುಳಿ ತಾಗಿ ಮಾಂಸ ಗಟ್ಟಿಯಾಗುತ್ತೆ, ಬಣ್ಣ ತಿರುಗುತ್ತೆ. ಹುಳುವಿಗೆ, ಬ್ಯಾಕ್ಟೀರಿಯಾಕ್ಕೆ ಅದನ್ನೇ ನಂಬಿ ಕೂರಬಾರದು. ಜೊತೆಗೆ ಕಾಚಂಪುಳಿ ಹಂದಿ ಮಾಂಸದ ಕೊಬ್ಬಿಗೆ ಸರಿ. ಟ್ಯೂನಾದ ಮೆತ್ತನೆಯ ರುಚಿಯನ್ನು ಅದು ಮುಚ್ಚಿಬಿಡುತ್ತೆ. ಹಾಕಲೇಬೇಕು ಅಂದರೆ ಎರಡು ತೊಟ್ಟು, ಅದೂ ತಟ್ಟೆಗೆ ಬಡಿಸುವಾಗ.

ಪ್ರಶ್ನೆ: ನಮ್ಮ ಕೆರೆಯಲ್ಲೇ ಸಾಕಿದ ಕಾಟ್ಲಾ ಇದೆ. ಇದಕ್ಕಿಂತ ತಾಜಾ ಬೇಕಾ?
– ಸೋಮವಾರಪೇಟೆಯ ಓದುಗರು

ಉತ್ತರ: ಬೇಡವೇ ಬೇಡ. ಕೆರೆ ಮೀನು, ಕಾವೇರಿ ಮೀನು ಯಾವುದನ್ನೂ ಹಸಿ ತಿನ್ನಬೇಡಿ. ಸಿಹಿನೀರಿನ ಮೀನಿನಲ್ಲಿ ಮನುಷ್ಯರ ಹೊಟ್ಟೆಗೆ, ಪಿತ್ತಕೋಶಕ್ಕೆ ಸೇರುವ ಹುಳುಗಳು ಇರಬಹುದು. ಈಗಷ್ಟೇ ಹಿಡಿದ ಮೀನಿನಲ್ಲಿ ಅವು ಜೀವಂತವಾಗಿಯೇ ಇರುತ್ತವೆ.

ಪ್ರಶ್ನೆ: ಹಸಿ ತಿನ್ನೋದಕ್ಕೆ ನಮ್ಮ ಮನೆಯಲ್ಲಿ ಯಾರೂ ಒಪ್ಪಲ್ಲ. ಬೇಯಿಸಿ ಮಾಡಿದರೆ ಅದು ಪೋಕೆ ಆಗುತ್ತಾ?
– ಪೊನ್ನಂಪೇಟೆಯ ಓದುಗರು

ಉತ್ತರ: ಧಾರಾಳವಾಗಿ ಆಗುತ್ತೆ! ಹವಾಯಿಯಲ್ಲೇ ಆಕ್ಟೋಪಸ್ ಬೇಯಿಸಿ ಪೋಕೆ ಮಾಡುತ್ತಾರೆ. ನನ್ನನ್ನು ಕೇಳಿದರೆ ಕೊಡಗಿನ ಮನೆಗೆ ಹೇಳಿ ಮಾಡಿಸಿದ್ದು ಇದೇ. ಸಿಗಡಿ ಅಥವಾ ಬೊಂಡಾಸ್ (ಸ್ಕ್ವಿಡ್) ತನ್ನಿ. ಕುದಿಯುವ ಉಪ್ಪುನೀರಿಗೆ ಹಾಕಿ, ಸಿಗಡಿ ಒಳಗೂ ಕೆಂಪು-ಬಿಳಿ ಆಗುವ ತನಕ, ಎರಡು ಮೂರು ನಿಮಿಷ ಬೇಯಲಿ. ಬೊಂಡಾಸ್ ಜಾಸ್ತಿ ಹೊತ್ತು ಬಿಟ್ಟರೆ ರಬ್ಬರಾಗುತ್ತೆ. ತೆಗೆದು ಐಸ್ ನೀರಿಗೆ ಹಾಕಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ನೀರು ಉಳಿದರೆ ಉಪ್ಪು ಹಿಡಿಯಲ್ಲ. ಆಮೇಲೆ ಮೇಲೆ ಹೇಳಿದ ಹಾಗೆಯೇ ಕಲಸಿ. ಜೂನ್, ಜುಲೈನಲ್ಲಿ ಮಾತ್ರ ನೋಡಿ ತನ್ನಿ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ, ಆಗ ಪೇಟೆಗೆ ಬರೋದು ಎಲ್ಲೆಲ್ಲಿಂದಲೋ ಬಂದ ಮಾಲು.

ಇದರ ಜೊತೆ ಅನ್ನವೇ ಬೇಕು ಅಂತಿಲ್ಲ. ಹವಾಯಿಯವರ ಹಳೆಯ ಊಟ ಪೋಯಿ, ಅಂದರೆ ಬೇಯಿಸಿದ ಕೆಸುವಿನ ಗೆಡ್ಡೆಯನ್ನು ನೀರು ಸೇರಿಸುತ್ತಾ ಕುಟ್ಟಿ ನುಣ್ಣಗೆ ಮಾಡಿದ್ದು. ನಾವು ಕೆಸುವಿನ ಎಲೆಗೆ ಮಳೆಗಾಲ ಕಾಯುವವರು, ಒಂದು ಸಲ ಗೆಡ್ಡೆಯನ್ನೂ ಹೀಗೆ ಮಾಡಿ ನೋಡಿ. ಪೂರ್ತಿ ಮೆತ್ತಗೆ ಬೇಯಿಸಿ, ಇಲ್ಲದಿದ್ದರೆ ಗಂಟಲು ಕೆರೆಯುತ್ತೆ.