ಗ್ರೀನ್‌ಟೌನ್ ಗಾಜು ಸಂಗ್ರಹಿಸಬೇಕು ಅಂತಿದ್ದೇನೆ. ಏನು ನೋಡಿ ಕೊಳ್ಳಬೇಕು?

ಮೊದಲು ಒಂದು ತಾರೀಕು ನೆನಪಿಟ್ಟುಕೊಳ್ಳಿ: 1903ರ ಜೂನ್ 13. ಅಮೆರಿಕದ ಇಂಡಿಯಾನಾದ ಗ್ರೀನ್‌ಟೌನ್ ಅನ್ನೋ ಸಣ್ಣ ಊರಲ್ಲಿದ್ದ ಇಂಡಿಯಾನಾ ಟಂಬ್ಲರ್ ಅಂಡ್ ಗಾಬ್ಲೆಟ್ ಕಾರ್ಖಾನೆ ಅವತ್ತು ಸುಟ್ಟು ಬೂದಿಯಾಯಿತು. ಮತ್ತೆ ಕಟ್ಟಲೇ ಇಲ್ಲ. ನೆಲದಡಿಯ ಅನಿಲ ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲಿ, 1894ರಲ್ಲಿ, ಶುರುವಾಗಿದ್ದು. ಬರೀ ಒಂಬತ್ತು ವರ್ಷದ ಬಾಳು!

ಇಲ್ಲಿನ ಹೆಸರುವಾಸಿ ಸರಕು ಚಾಕೊಲೇಟ್ ಗಾಜು. ಗಾಜು ತಯಾರಿಕೆಯಲ್ಲಿ ನುರಿತ ಜೇಕಬ್ ರೋಸೆಂಥಾಲ್ 1900ರಲ್ಲಿ ಇದರ ಪಾಕ ಕಂಡುಹಿಡಿದರು. ಕೈಯಲ್ಲಿ ಹಿಡಿದು ನೋಡಿದರೆ, ಗಟ್ಟಿ ಕಾಫಿಗೆ ಹಾಲು ಸುರಿದು ಕಲಕುವ ಮೊದಲೇ ಬಿಟ್ಟ ಹಾಗೆ ಗೆರೆಗಳು. ಒಂದೇ ಅಚ್ಚಿನ ಎರಡು ಪಾತ್ರೆಗಳ ಬಣ್ಣವೂ ಒಂದೇ ಥರ ಇರಲ್ಲ. ನನಗಿಷ್ಟ ಡಾಲ್ಫಿನ್ ಡಬ್ಬಿ: ಬಾಯಿ ತೆರೆದ ಮೀನು, ಮುಚ್ಚಳದ ಹಿಡಿಯೂ ಒಂದು ಪುಟ್ಟ ಮೀನು.

ತುಂಬಾ ಅಪರೂಪದ್ದು ಹಾಲಿ ಆಂಬರ್ (Holly Amber) ಅನ್ನೋ ಗಾಜು. ಕಾರ್ಖಾನೆಯವರು ಇದಕ್ಕಿಟ್ಟ ಹೆಸರು ಗೋಲ್ಡನ್ ಅಗೇಟ್. ಜೇನಿನ ಬಣ್ಣ, ಮಧ್ಯೆ ಹಾಲಿನಂಥ ಪಟ್ಟಿ, ಜೊತೆಗೆ ಹಾಲಿ ಅನ್ನೋ ಮುಳ್ಳಂಚಿನ ಎಲೆಯ ಗಿಡದ ಎಲೆಗಳ ವಿನ್ಯಾಸ. 1903ರ ಆರಂಭದಿಂದ ಬೆಂಕಿ ಬೀಳೋವರೆಗೆ ಮಾತ್ರ ಮಾಡಿದ್ದು. ಅದಕ್ಕೇ ಬೆಲೆ ಜಾಸ್ತಿ.

ಆದರೆ ಕಂದು ಬಣ್ಣ ಕಂಡ ತಕ್ಷಣ ಗ್ರೀನ್‌ಟೌನ್ ಅಂದುಕೊಳ್ಳಬೇಡಿ. ಚಾಕೊಲೇಟ್ ಗಾಜನ್ನು ಬೇರೆ ಕಾರ್ಖಾನೆಗಳೂ ಮಾಡಿದವು. ಡಾಲ್ಫಿನ್, ಹಾಲಿ ಎರಡಕ್ಕೂ ಆಮೇಲೆ ನಕಲು ಬಂತು. ಬಣ್ಣಕ್ಕಿಂತ ಅಚ್ಚಿನ ವಿನ್ಯಾಸ ಕಲಿಯಿರಿ. ಸಾಧ್ಯವಾದರೆ ಗ್ರೀನ್‌ಟೌನ್‌ನಲ್ಲೇ ಇರುವ ಗಾಜಿನ ಮ್ಯೂಸಿಯಂಗೆ ಹೋಗಿ ಅಸಲಿ ಪಾತ್ರೆಗಳನ್ನು ನೋಡಿ. ಕೊಳ್ಳುವಾಗ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿ. ಸಣ್ಣ ಚಕ್ಕೆ ಎದ್ದ ಜಾಗ ಕಣ್ಣಿಗೆ ಬೀಳದಿದ್ದರೂ ಬೆರಳಿಗೆ ಸಿಕ್ಕಿಬಿಡುತ್ತೆ.